ನೇರಳೆ ಗಾಜಿನ ಕೆಳಗೆ

ಫುಟ್‌ಪಾತಿನ ಕೆಳಗೆ ಯಾರೋ ಟಾರ್ಚ್ ಹಿಡಿದು ಓಡಾಡುತ್ತಿದ್ದರು!

ಅಂಗಡಿಯ ಬೀಗ ತೆಗೆಯಲು ಹೊರಟಿದ್ದ ಇಲೋನಾಳ ಕೈ ಹಾಗೇ ನಿಂತಿತು. ಬಾಗಿಲ ಮುಂದೆ ನೆಲಕ್ಕೆ ಕೂರಿಸಿದ್ದ ನೇರಳೆ ಗಾಜಿನ ಬಿಲ್ಲೆಗಳ ಅಡಿಯಲ್ಲಿ ಬೆಳಕು ಅತ್ತ ಹೋಯಿತು, ಇತ್ತ ಬಂತು. ಕೊನೆಗೆ ಸರಿಯಾಗಿ ಅವಳ ಪಾದದಡಿಗೆ ಬಂದು ನಿಂತಿತು.

ಗಾಜಿನ ಕೆಳಗಿದ್ದದ್ದು ಅವಳದೇ ನೆಲಮಾಳಿಗೆ. ಹಿಂದಿನ ಕಾಲದಲ್ಲಿ ಕಲ್ಲಿದ್ದಲು ತುಂಬಿಡುತ್ತಿದ್ದ ಜಾಗ. ಈಗ ಅಲ್ಲಿ ಅಜ್ಜನ ಹಳೇ ಸಾಮಾನು, ಜೇಡರ ಬಲೆ ಬಿಟ್ಟರೆ ಬೇರೇನೂ ಇರಲಿಲ್ಲ.

ಬೇರೆಯವರಾಗಿದ್ದರೆ ಪೊಲೀಸರಿಗೆ ಫೋನ್ ಮಾಡುತ್ತಿದ್ದರು. ಇಲೋನಾ ವಾರ್ಗಾ ಮಾಡಲಿಲ್ಲ. ಟೊಲೀಡೊ ಪೇಟೆಯ ಸೈಕಮೋರ್ ಬೀದಿಯಲ್ಲಿ ಅಂಗಡಿಗಳೆಲ್ಲ ಒಂದೊಂದಾಗಿ ಬಾಗಿಲು ಹಾಕಿಕೊಂಡು ಹೋದರೂ, ಅಜ್ಜನ ಬೂಟು ರಿಪೇರಿ ಅಂಗಡಿಯನ್ನು ಹಟ ಹಿಡಿದು ನಡೆಸಿಕೊಂಡು ಬಂದವಳು ಅವಳು. ಬೀಗ ತೆಗೆದು ಒಳನುಗ್ಗಿ, ಬೂಟು ಕೂರಿಸಿ ಬಡಿಯುವ ಕಬ್ಬಿಣದ ಅಚ್ಚನ್ನು ಎತ್ತಿಕೊಂಡವಳೇ ಮೆಟ್ಟಿಲಿಳಿದಳು.

"ಅಲ್ಲೇ ನಿಲ್ಲು. ಅಲ್ಲಾಡಿದ್ರೆ ತಲೆ ಒಡೀತೀನಿ."

ಮೂಲೆಯಲ್ಲಿದ್ದ ಗಂಡಸು ಎರಡೂ ಕೈ ಮೇಲೆತ್ತಿದ. ಮುಖದ ತುಂಬ ಕಲ್ಲಿದ್ದಲ ಮಸಿ. ಕಣ್ಣುಗಳು ಮಾತ್ರ ನಗುತ್ತಿದ್ದವು.

"ನಗರಪಾಲಿಕೆ ಎಂಜಿನಿಯರ್ ರೀ... ಎಮೆಟ್ ಟಾಲಿವರ್ ಅಂತ. ಪಕ್ಕದ ಖಾಲಿ ಕಟ್ಟಡದಲ್ಲಿ ಇಳಿದೆ. ನಡುವೆ ಗೋಡೆ ಇರುತ್ತೆ ಅಂದ್ಕೊಂಡಿದ್ದೆ. ಬಿದ್ದುಹೋಗಿದೆ."

"ಪಾಲಿಕೆಯವರು ಬಾಗಿಲು ತಟ್ಟೋದು ಬಿಟ್ಟು ಬಿಲದಿಂದ ಬರೋಕೆ ಶುರು ಮಾಡಿದ್ದು ಯಾವಾಗಿಂದ?"

"ಇವತ್ತಿಂದ." ಅವನು ತಲೆಯೆತ್ತಿ ಸೂರಿನ ಗಾಜನ್ನೇ ನೋಡಿದ. ಮೇಲಿನ ಬಿಸಿಲು ಅವನ ಮುಖದ ಮೇಲೆ ನೇರಳೆಯಾಗಿ ಬಿದ್ದಿತ್ತು. "ಈ ಗಾಜು ಹಾಕಿದಾಗ ಬಿಳೀ ಇತ್ತು, ಗೊತ್ತಾ? ನೂರು ವರ್ಷ ಬಿಸಿಲು ಕುಡಿದು ಕುಡಿದು ಈ ಬಣ್ಣ ಬಂದಿದೆ."

ಹುಟ್ಟಿದಾಗಿನಿಂದ ಅದೇ ಗಾಜಿನ ಮೇಲೆ ಓಡಾಡಿದ್ದಳು ಇಲೋನಾ. ಇದನ್ನು ಯಾರೂ ಹೇಳಿರಲಿಲ್ಲ. ಅವಳ ಕೈಯ ಅಚ್ಚು ತಾನಾಗಿ ಕೆಳಗಿಳಿಯಿತು. ಏನಾದರೂ ಮಾತಾಡಬೇಕಲ್ಲ...

"ನಿಮ್ಮ ಎಡಗಾಲಿನ ಅಟ್ಟೆ ಬಾಯಿ ಬಿಟ್ಟಿದೆ," ಎಂದಳು. "ಬಿಚ್ಚಿಕೊಡಿ."

ಪ್ರೀತಿ ಶುರುವಾಗಲು ಇದಕ್ಕಿಂತ ಅಂದದ ಮಾತು ಬೇಕು ಅನ್ನುವವರು ಬೇರೆ ಕಥೆ ಓದಿಕೊಳ್ಳಲಿ. ಇವರಿಬ್ಬರಿಗೆ ಅಷ್ಟೇ ಸಾಕಾಯಿತು.

ಆಮೇಲೆ ಎಮೆಟ್‌ನ ಸಾಮಾನುಗಳಿಗೆ ಏನಾಯಿತೋ ಏನೋ! ಇವತ್ತು ಲೇಸು ಹರಿಯಿತು, ನಾಳೆ ಬೆಲ್ಟು ಕಿತ್ತಿತು, ಮರುದಿನ ಚೀಲದ ಹಿಡಿ ಕಳಚಿ ಬಂತು. ಗಲ್ಲಾ ಪಕ್ಕದ ಕುರ್ಚಿಯಲ್ಲಿ ಕುಳಿತು ಸ್ವೆಟರ್ ಹೆಣೆಯುತ್ತಿದ್ದ ಎಟೆಲ್ಕಾ ಚಿಕ್ಕಮ್ಮ ಎಲ್ಲವನ್ನೂ ನೋಡುತ್ತಿದ್ದಳು.

"ಇವನ ಲೇಸು ತಾನಾಗಿ ಹರೀತಿಲ್ಲ ಕಣೇ ಇಲೋ. ಇವನೇ ಹರ್ಕೊಂಡು ಬರ್ತಿದ್ದಾನೆ."

"ಸುಮ್ನಿರು ಚಿಕ್ಕಮ್ಮ."

ಶುಕ್ರವಾರಗಳಂದು ಇಲೋನಾ ಕೆಂಪು ಮೆಣಸಿನಪುಡಿ ಹಾಕಿದ ಕೋಳಿ ಸಾರು, ಹಿಟ್ಟಿನುಂಡೆ ತರುತ್ತಿದ್ದಳು. ಅವನು ಅಲ್ಲೇ ಸ್ಟೂಲಿನ ಮೇಲೆ ಕುಳಿತು ಉಣ್ಣುತ್ತ ಬೀದಿಯ ಮಾತಾಡುತ್ತಿದ್ದ. ಅಗಲವಾದ ಫುಟ್‌ಪಾತ್ ಬರುತ್ತೆ, ಮರ ನೆಡ್ತೀವಿ, ಖಾಲಿ ಮಹಡಿಗಳಲ್ಲಿ ಮನೆಗಳಾಗ್ತವೆ, ಜನ ವಾಪಸ್ ಬರ್ತಾರೆ. ಇಂಥ ಮಾತನ್ನು ಎಷ್ಟೋ ಜನ ಹೇಳಿ ಹೋಗಿದ್ದರು, ಇಲೋನಾ ಯಾರನ್ನೂ ನಂಬಿರಲಿಲ್ಲ. ಇವನನ್ನು ನಂಬಿದಳು.

ಅಷ್ಟರಲ್ಲಿ ಎದುರಿನ ಹಳೇ ಬ್ಯಾಂಕಿನ ಕಟ್ಟಡವನ್ನು ಷಿಕಾಗೋದ ಕೊರಿನ್ ಎಂಬಾಕೆ ಕೊಂಡಳು. ಅಲ್ಲಿ ದೊಡ್ಡ ಹೋಟೆಲ್ ತೆರೆಯುತ್ತಾಳಂತೆ. ಎತ್ತರದ ಕೆಂಪು ಹೀಲ್ಸ್, ಬೀದಿಗೆಲ್ಲ ಕೇಳುವ ನಗು.

ಸರಿಯಾಗಿ ಅದೇ ವಾರದಿಂದ ಎಮೆಟ್ ಅಂಗಡಿಗೆ ಬರುವುದನ್ನು ನಿಲ್ಲಿಸಿದ.

ಶುಕ್ರವಾರ ಸಾರು ಆರಿ ತಣ್ಣಗಾಯಿತು. ಮುಂದಿನ ಶುಕ್ರವಾರವೂ.

ಅವನ ಬದಲು ಬಂದದ್ದು ಲೆಸ್ಟರ್ ಎಂಬ ಬೋಳುತಲೆಯ ಹಿರಿಯ ಎಂಜಿನಿಯರ್. ಪೇಟೆಯ ಫುಟ್‌ಪಾತ್‌ಗಳನ್ನೆಲ್ಲ ಹೊಸದಾಗಿ ಮಾಡುವ ಕೆಲಸ ಶುರುವಾಗುತ್ತಿತ್ತು. ನೆಲಮಾಳಿಗೆಯ ತೊಲೆ ಗಟ್ಟಿಯಿದ್ದರೆ ಕೆಳಗಿನಿಂದಲೇ ರಿಪೇರಿ, ಅಂಗಡಿ ತೆರೆದೇ ಇರಬಹುದು. ತೊಲೆ ಕೆಟ್ಟಿದ್ದರೆ ಜಲ್ಲಿ ತುಂಬಿ ಕಾಂಕ್ರೀಟು ಸುರಿಯುತ್ತಾರೆ, ಬೇಸಿಗೆ ಪೂರ್ತಿ ಬಾಗಿಲು ಬಂದ್. ಅಷ್ಟು ದಿನ ಮುಚ್ಚಿದರೆ ಅಂಗಡಿ ಮತ್ತೆ ತೆರೆಯುವ ಮಾತೇ ಇಲ್ಲ.

"ಎಮೆಟ್ ಯಾಕೆ ಬರಲಿಲ್ಲ?" ಇಲೋನಾ ಕೇಳಿದಳು.

"ನಿಮ್ಮ ಅಂಗಡಿ ನೋಡೋ ಕೆಲಸ ನನಗೆ ಕೊಟ್ಟಿದ್ದಾರಮ್ಮ." ಲೆಸ್ಟರ್ ಅವಳ ಮುಖ ನೋಡದೆ ಕೆಮ್ಮಿದ. "ಹೆಚ್ಚು ಕೇಳಬೇಡಿ."

ಎದುರಿಗೆ ಮಾತ್ರ ದಿನವೂ ಎಮೆಟ್ ಹಾಜರು! ಬೆಳಿಗ್ಗೆ ಕೊರಿನ್ ಜೊತೆ ಬ್ಯಾಂಕಿನ ನೆಲಮಾಳಿಗೆಗೆ ಇಳಿಯುವನು. ಊಟದ ಹೊತ್ತಿಗೆ ಇಬ್ಬರೂ ತಲೆಯ ಧೂಳು ಕೊಡವಿಕೊಳ್ಳುತ್ತ ಮೇಲೆ ಬರುವರು. ಅಂಗಡಿಯ ಗಾಜಿನ ಹಿಂದೆ ನಿಂತ ಇಲೋನಾ ಒಂದೇ ಬೂಟಿಗೆ ಮತ್ತೆ ಮತ್ತೆ ಪಾಲಿಶ್ ಹಚ್ಚುತ್ತಿದ್ದಳು.

'ತೊಲೆ ನೋಡೋಕೆ ಇಷ್ಟು ಹೊತ್ತು ಬೇಕಾ? ನನ್ನ ನೆಲಮಾಳಿಗೇಲಿ ತೊಲೆ ಇಲ್ವಾ? ಧೂಳಿಲ್ವಾ?'

ಹೊಟ್ಟೆಯೊಳಗೆ ಕೆಂಡ ಇಟ್ಟ ಹಾಗಾಗುತ್ತಿತ್ತು. ಅಂಗಡಿ ಹೋಗುವ ಭಯ ಇತ್ತು ನಿಜ. ಆದರೆ ರಾತ್ರಿ ನಿದ್ದೆ ಕೆಡಿಸುತ್ತಿದ್ದದ್ದು ಆ ಕೆಂಪು ಹೀಲ್ಸ್.

ಒಂದು ಮಧ್ಯಾಹ್ನ ಕೊರಿನ್ ಅದೇ ಹೀಲ್ಸ್ ಹಿಡಿದುಕೊಂಡು ಅಂಗಡಿಗೇ ಬಂದಳು.

"ನಿಮ್ಮ ಬೀದಿ ಕಲ್ಲಿನ ಸಂದಿಗೆ ಸಿಕ್ಕಿ ಮುರೀತು. ಎಮೆಟ್ ಹೇಳಿದ್ರು, ಇದನ್ನ ಸರಿ ಮಾಡೋರು ಅಂದ್ರೆ ನೀವೊಬ್ರೇ ಅಂತ."

"ಹೌದಾ... ಎಮೆಟ್ ಇನ್ನೇನೇನು ಹೇಳ್ತಾರೆ?"

"ಮಾತೇ ಕಮ್ಮಿ ಅವರದು. ಕೆಳಗೆ ಇಳಿದ್ರೆ ಮಾತ್ರ ಮೇಲೆ ಬರೋಕೆ ಮನಸ್ಸೇ ಇರಲ್ಲ ಆ ಮನುಷ್ಯನಿಗೆ."

ಸುತ್ತಿಗೆ ಮೊಳೆಯನ್ನು ಬಿಟ್ಟು ಇಲೋನಾಳ ಹೆಬ್ಬೆರಳಿಗೆ ಬಿತ್ತು. ಕಣ್ಣಲ್ಲಿ ನೀರು ಬಂದುಬಿಟ್ಟಿತು.

"ಅಯ್ಯೋ, ನೋವಾಯ್ತಾ?" ಕೊರಿನ್ ಕೇಳಿದಳು.

"ಇಲ್ಲ. ಅಭ್ಯಾಸ ಇದೆ."

ಆಕೆ ಹೋದ ಮೇಲೆ ಚಿಕ್ಕಮ್ಮ ಹೆಣಿಗೆಯಿಂದ ತಲೆಯೆತ್ತದೆ ಹೇಳಿದಳು. "ಹೀಲ್ಸ್ ಚೆನ್ನಾಗಿ ಕೂರಿಸಿದ್ದೀಯ. ನಾನಾಗಿದ್ರೆ ಅರ್ಧ ದಾರೀಲಿ ಕಿತ್ತುಹೋಗೋ ಹಾಗೆ ಮಾಡಿರ್ತಿದ್ದೆ."

ಆದರೆ ಹೊಟ್ಟೆಕಿಚ್ಚು ಪೂರ್ತಿ ಹತ್ತಿಕೊಂಡದ್ದು ಅದಾದ ಎರಡು ದಿನಕ್ಕೆ.

ನೆಲಮಾಳಿಗೆ ಮುಚ್ಚುವುದೇ ಗತಿಯಾದರೆ ಅಜ್ಜನ ಅಚ್ಚುಗಳನ್ನಾದರೂ ಉಳಿಸಿಕೊಳ್ಳೋಣ ಎಂದು ಇಲೋನಾ ಕೆಳಗಿಳಿದಿದ್ದಳು. ಪೊರಕೆ ಹಿಡಿದು ಬಲೆ ತೆಗೆಯುತ್ತಿದ್ದಾಗ ಸೂರಿನ ಗಾಜಿನ ಮೇಲೆ ಎರಡು ಜೊತೆ ಪಾದಗಳು ಬಂದು ನಿಂತವು.

ಒಂದು ಜೊತೆ ಅಗಲವಾದ ಬೂಟು. ಎಡಗಾಲಿನ ಅಟ್ಟೆಯ ಸುತ್ತ ಓಡಿದ ಹೊಲಿಗೆಯ ನೆರಳನ್ನು ಬೇರೆ ಯಾರೂ ಗುರುತಿಸಲಾರರು. ಅದನ್ನು ಹಾಕಿದವಳು ಇವಳೇ. ಇನ್ನೊಂದು ಜೊತೆಯಲ್ಲಿ ಮುಂದೆ ಸಣ್ಣ ತ್ರಿಕೋನ, ಹಿಂದೆ ಕಾಸಿನಗಲದ ಚುಕ್ಕೆ. ಹೀಲ್ಸ್! ಅದನ್ನು ಕೂರಿಸಿಕೊಟ್ಟವಳೂ ಇವಳೇ.

ಏನೋ ಮಾತು, ಕೇಳಿಸಲಿಲ್ಲ. ಆ ನಗು ಮಾತ್ರ ಗಾಜು ದಾಟಿ ಇಳಿಯಿತು.

'ನನ್ನ ಬಾಗಿಲಲ್ಲಿ... ನನ್ನ ತಲೆ ಮೇಲೇ ನಿಂತ್ಕೊಂಡು...'

ತಾನೇನು ಮಾಡುತ್ತಿದ್ದೇನೆ ಎಂದು ತಿಳಿಯುವ ಮೊದಲೇ ಇಲೋನಾ ಪೊರಕೆಯ ಹಿಡಿಯಿಂದ ಗಾಜನ್ನು ಕೆಳಗಿನಿಂದ ಜೋರಾಗಿ ತಿವಿದಳು. ಹೀಲ್ಸ್ ಒಂದು ಕಡೆ ಹಾರಿತು. ಬೂಟು ಮಾತ್ರ ಕದಲಲಿಲ್ಲ. ಒಂದು ಗಳಿಗೆ ಅಲ್ಲೇ ನಿಂತಿತ್ತು, ಆಮೇಲೆ ನಿಧಾನವಾಗಿ ಹೊರಟುಹೋಯಿತು.

ಇಲೋನಾ ಹಳೇ ಪೆಟ್ಟಿಗೆಯ ಮೇಲೆ ಕುಳಿತು ಮನಸಾರೆ ಅತ್ತಳು. ಅಂಗಡಿಗಾಗಿ ಅಳುತ್ತಿದ್ದೇನೆ ಎಂದು ತನಗೆ ತಾನೇ ಸುಳ್ಳು ಹೇಳಿಕೊಳ್ಳಲೂ ಆಗಲಿಲ್ಲ. ಅವನು ಬೇಕಾಗಿತ್ತು. ಸ್ಟೂಲಿನ ಮೇಲೆ ಕುಳಿತು ಸಾರು ಹೀರುವ ಆ ಮನುಷ್ಯ ತನಗೆ ಬೇಕಾಗಿತ್ತು, ಅವನೀಗ ಬೇರೆಯವಳ ಪಾಲಾಗಿದ್ದ.

ಮಂಗಳವಾರ ಸಂಜೆ ನಗರಪಾಲಿಕೆಯ ಸಭೆಯಲ್ಲಿ ಫುಟ್‌ಪಾತಿನ ವಿಚಾರ ಇತ್ತು. ಊರಿನವರು ಯಾರು ಬೇಕಾದರೂ ಮೈಕಿನ ಮುಂದೆ ಮೂರು ನಿಮಿಷ ಮಾತಾಡಬಹುದು. ಇಲೋನಾ ಹೆಸರು ಕೊಟ್ಟಳು. ಅಜ್ಜನ ಕಾಲದ ಕಷ್ಟ, ಬೀದಿ ಖಾಲಿಯಾದರೂ ತಾವು ಬಿಡದೆ ನಿಂತದ್ದು, ಎಲ್ಲವನ್ನೂ ಚೆನ್ನಾಗಿಯೇ ಹೇಳುತ್ತಿದ್ದಳು. ಅಷ್ಟರಲ್ಲಿ ಮೂರನೇ ಸಾಲಿನಲ್ಲಿ ಕೊರಿನ್, ಪಕ್ಕದ ಬೆಂಚಿನಲ್ಲಿ ಎಮೆಟ್ ಕಣ್ಣಿಗೆ ಬಿದ್ದರು.

ಮಾತಿನ ದಾರಿ ತಪ್ಪಿತು.

"ಎದುರುಗಡೆ ಕಟ್ಟಡಕ್ಕೆ ದಿನಾ ಹೋಗ್ತಾರೆ ನಿಮ್ಮ ಎಂಜಿನಿಯರ್. ನನ್ನ ಅಂಗಡಿ ಕಡೆ ತಿರುಗಿ ಕೂಡ ನೋಡಲ್ಲ. ಯಾಕೆ? ಬಾಗಿಲು ಮುಚ್ಚೋದಾದ್ರೆ ಮುಖ ನೋಡಿ ಹೇಳಲಿ. ಅಥವಾ ಈ ಊರಲ್ಲಿ ಹೀಲ್ಸ್ ಎತ್ತರ ಇದ್ದೋರಿಗೆ ಮಾತ್ರ ನ್ಯಾಯನಾ?"

ಸಭೆಯಲ್ಲಿ ನಗು ಎದ್ದಿತು. ಅಧ್ಯಕ್ಷೆ ಮೇಜು ಕುಟ್ಟಿದರು.

"ಮಿಸ್ಟರ್ ಟಾಲಿವರ್, ಇದಕ್ಕೆ ಉತ್ತರ ಕೊಡಿ."

ಎಮೆಟ್ ಎದ್ದುನಿಂತ. ಅಷ್ಟು ದೂರದಿಂದಲೂ ಅವನ ಕಿವಿ ಕೆಂಪಾದದ್ದು ಕಾಣುತ್ತಿತ್ತು.

"ಆ ಒಂದು ಅಂಗಡಿ ವಿಷಯದಲ್ಲಿ ನಾನು ಮಾತಾಡೋ ಹಾಗಿಲ್ಲ ಮೇಡಂ. ಅದನ್ನ ನನಗೆ ಕೊಡಬೇಡಿ ಅಂತ ನಾನೇ ಕೇಳಿಕೊಂಡೆ."

"ಯಾಕೆ?"

"ನಿಯಮ ಇದೆಯಲ್ಲ... ನಮಗೆ ಸ್ವಂತ ಆಸೆ ಇರೋ ಕಡೆ ನಾವು ತೀರ್ಮಾನ ಮಾಡಬಾರದು ಅಂತ."

"ಅಂಗಡೀಲಿ ನಿಮ್ಮ ಪಾಲಿದೆಯಾ?"

"ಇಲ್ಲ."

"ಅಂಗಡಿಯವರು ನಿಮ್ಮ ಸಂಬಂಧಿಕರಾ?"

ಎಮೆಟ್ ತಿರುಗಿ ಮೈಕಿನ ಹಿಂದೆ ನಿಂತಿದ್ದ ಇಲೋನಾಳನ್ನು ನೋಡಿದ. ಎಷ್ಟೋ ವಾರಗಳ ಮೇಲೆ, ನೇರವಾಗಿ, ಕಣ್ಣಲ್ಲಿ ಕಣ್ಣಿಟ್ಟು.

"ಇನ್ನೂ ಇಲ್ಲ," ಎಂದ.

ಸಭೆಯೆಲ್ಲ ಇಲೋನಾಳ ಕಡೆ ತಿರುಗಿತು. ಹಿಂದಿನ ಸಾಲಿನಿಂದ ಎಟೆಲ್ಕಾ ಚಿಕ್ಕಮ್ಮನ ದನಿ ಸ್ಪಷ್ಟವಾಗಿ ಕೇಳಿಸಿತು. "ಬರ್ಕೊಳ್ರಪ್ಪ, ಇದನ್ನ ಸರಿಯಾಗಿ ಬರ್ಕೊಳ್ಳಿ. ಆಮೇಲೆ ಇಲ್ಲ ಅಂದಾನು."

ಅಧ್ಯಕ್ಷೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. "ಮಿಸ್ ವಾರ್ಗಾ, ನಿಮಗೆ ಇನ್ನೂ ಅರ್ಧ ನಿಮಿಷ ಇದೆ."

"ಬೇಡ..." ಇಲೋನಾ ಮೈಕಿನಿಂದ ಹಿಂದೆ ಸರಿದಳು. "ಹೀಲ್ಸ್ ಮಾತು ವಾಪಸ್ ತಗೋತೀನಿ."

ಆಗ ಲೆಸ್ಟರ್ ಕೆಮ್ಮುತ್ತ ಎದ್ದ. "ಆಯಮ್ಮನ ತೊಲೆ ಕಲ್ಲಿನ ಹಾಗಿದೆ. ಕೆಳಗಿನಿಂದ ರಿಪೇರಿ ಸಾಕು, ಬಾಗಿಲು ಮುಚ್ಚೋದೇನೂ ಬೇಡ. ನಿನ್ನೆಯೇ ಪರೀಕ್ಷೆ ಮುಗೀತು. ಇವತ್ತು ಹೇಳೋಣ ಅಂತ ಬಂದೆ, ಸರದಿ ಬರೋ ಮೊದಲೇ ಆಯಮ್ಮ ಮೈಕು ಹಿಡಿದುಬಿಟ್ರು."

ಹೊರಗೆ ಬರುವಾಗ ಕೊರಿನ್ ಬಾಗಿಲಲ್ಲಿ ಕಾದು ನಿಂತಿದ್ದಳು. ಇಲೋನಾಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು.

"ಅವತ್ತು ನಿಮ್ಮ ಅಂಗಡಿ ಮುಂದೆ ಅವರನ್ನ ಊಟಕ್ಕೆ ಕರೆದೆ," ಕೊರಿನ್ ಹೇಳಿದಳು. ನಗುತ್ತಲೇ ಹೇಳಿದಳು, ಆದರೆ ನಗು ಅಷ್ಟು ಜೋರಾಗಿರಲಿಲ್ಲ. "ನಾನು ಅವರ ಮುಖ ನೋಡ್ತಿದ್ದೀನಿ, ಅವರು ನಿಮ್ಮ ಬಾಗಿಲು ನೋಡ್ತಿದ್ದಾರೆ. ಬೇಡ ಅಂದ್ರು. ಆಮೇಲೆ ನಿಮ್ಮ ನೆಲವೇ ನನ್ನನ್ನ ಒದ್ದು ಕಳಿಸ್ತು."

ಗಾಜಿನ ಮೇಲಿನ ಪಾದಗಳು ಮತ್ತೆ ಇಲೋನಾಳ ಕಣ್ಣ ಮುಂದೆ ಬಂದವು. ಹೀಲ್ಸಿನ ತುದಿ ಬೂಟಿನ ಕಡೆಗಿತ್ತು. ಬೂಟಿನ ತುದಿ... ಬೂಟಿನ ತುದಿ ಅಂಗಡಿಯ ಬಾಗಿಲ ಕಡೆಗಿತ್ತು! ಜೀವಮಾನವೆಲ್ಲ ಜನರ ಪಾದ ನೋಡಿ ಬದುಕಿದವಳು ಹೊಲಿಗೆ ನೋಡಿದಳು, ಅಟ್ಟೆ ನೋಡಿದಳು, ಅದು ಯಾವ ಕಡೆ ತಿರುಗಿದೆ ಎಂದು ಮಾತ್ರ ನೋಡಲಿಲ್ಲ.

ಎಮೆಟ್ ಮೆಟ್ಟಿಲ ಮೇಲೆ ಕುಳಿತಿದ್ದ. ಅವಳು ಹೋಗಿ ಪಕ್ಕದಲ್ಲಿ ಕುಳಿತಳು.

"ಒಂದು ಮಾತು ಹೇಳಬಾರದಿತ್ತಾ?" ಅವಳು ಕೇಳಿದಳು. "ಎಷ್ಟು ಶುಕ್ರವಾರ ಸಾರು ಚೆಲ್ಲಿದ್ದೀನಿ ಗೊತ್ತಾ?"

"ಏನಂತ ಹೇಳಲಿ? ನಿಮ್ಮ ಮೇಲೆ ಮನಸ್ಸಾಗಿದೆ, ಅದಕ್ಕೇ ನಿಮ್ಮ ಕಡೆ ಬರೋ ಹಾಗಿಲ್ಲ ಅಂತಾನಾ? ನಾನು ಬಂದು ಊಟ ಮಾಡಿ, ಆಮೇಲೆ ನಿಮ್ಮ ತೊಲೆ ಗಟ್ಟಿ ಅಂದ್ರೆ ಯಾರು ನಂಬ್ತಾರೆ? ಎಲ್ಲ ಮುಗಿದ ಮೇಲೆ ಹೇಳೋಣ ಅಂತ ಕಾಯ್ತಿದ್ದೆ. ಹೆದರಿಕೆನೂ ಇತ್ತು. ಮೊದಲ ದಿನವೇ ತಲೆ ಒಡೀತೀನಿ ಅಂದೋರು ನೀವು."

ಇಲೋನಾ ಅಳುತ್ತಲೇ ನಕ್ಕಳು.

"ಕೆಳಗಿನಿಂದ ತಿವಿದಿದ್ದು ನೀವೇ ತಾನೆ?"

"...ನಾನೇ."

"ಆವತ್ತು ಎಷ್ಟು ಖುಷಿಯಾಯ್ತು ಅಂತೀರಿ! ಇಷ್ಟು ಕೋಪ ಇದೆ ಅಂದ್ರೆ ಸ್ವಲ್ಪ ಆಸೆ ಇಟ್ಕೋಬಹುದು ಅಂದ್ಕೊಂಡೆ."

ಅವಳು ಅವನ ತೋಳಿಗೆ ತಲೆ ಒರಗಿಸಿದಳು. ಹೊಟ್ಟೆಯೊಳಗಿನ ಕೆಂಡ ಯಾವಾಗ ಆರಿತೋ ಅವಳಿಗೇ ತಿಳಿಯಲಿಲ್ಲ.

ಬೇಸಿಗೆ ಕಳೆಯಿತು. ರಿಪೇರಿ ಮುಗಿಯಿತು. ಬೂಟಿನ ಅಂಗಡಿ ಒಂದು ದಿನವೂ ಮುಚ್ಚಲಿಲ್ಲ. ಎದುರಿನ ಹೋಟೆಲಿಗೆ ಬಂದವರು ಇತ್ತ ದಾಟಿ ಬೂಟು ಕೊಟ್ಟು ಹೋಗತೊಡಗಿದರು. ಕೊರಿನ್ ನಗು ಈಗಲೂ ಬೀದಿಗೆಲ್ಲ ಕೇಳುತ್ತಿತ್ತು, ಇಲೋನಾಗೆ ಈಗಲೂ ಅದು ಅಷ್ಟಾಗಿ ಹಿಡಿಸುತ್ತಿರಲಿಲ್ಲ.

ಒಂದು ಬೆಳಿಗ್ಗೆ ಬೀಗ ತೆಗೆಯಲು ಹೋದರೆ ಬಾಗಿಲು ಆಗಲೇ ತೆರೆದಿತ್ತು. ಗಾಜಿನ ಕೆಳಗೆ ಮತ್ತೆ ಬೆಳಕು ಓಡಾಡುತ್ತಿತ್ತು.

ಅವಳು ಕಬ್ಬಿಣದ ಅಚ್ಚು ಎತ್ತಿಕೊಂಡು ಕೆಳಗಿಳಿದಳು.

"ಕಳ್ಳ ಅಂತ ಕೂಗ್ಲಾ?"

"ಕೂಗು. ಈ ಸಲ ಬಾಗಿಲಿಂದಾನೇ ಬಂದಿದ್ದೀನಿ. ಚಿಕ್ಕಮ್ಮ ಬೀಗದ ಕೈ ಕೊಟ್ರು." ಎಮೆಟ್ ಏಣಿಯ ಮೇಲಿದ್ದ. ಅವಳ ಪೊರಕೆಯ ಏಟಿಗೆ ಸೀಳು ಬಿಟ್ಟಿದ್ದ ಬಿಲ್ಲೆಯ ಜಾಗದಲ್ಲಿ ಹೊಸದೊಂದನ್ನು ಕೂರಿಸಿದ್ದ. ನೇರಳೆಯ ನಡುವೆ ಅದೊಂದೇ ಬೆಳ್ಳಗಿತ್ತು. "ಹಳೇ ಗಾಜು ಮಾಡ್ತಿದ್ದ ಹಾಗೇ ಮಾಡಿಸಿ ತಂದೆ. ಬಿಸಿಲು ಬಿದ್ದು ಬಿದ್ದು ಇದೂ ನೇರಳೆ ಆಗುತ್ತೆ."

"ಎಷ್ಟು ದಿನಕ್ಕೆ?"

"ದಿನ ಎಲ್ಲಿ ಬಂತು... ನಾವು ಮುದುಕರಾಗೋ ಹೊತ್ತಿಗೆ ಸ್ವಲ್ಪ ಬಣ್ಣ ತಿರುಗಿದ್ರೆ ಹೆಚ್ಚು."

ಇಲೋನಾ ಏಣಿಯ ಬುಡಕ್ಕೆ ಬಂದು ತಲೆಯೆತ್ತಿದಳು. ಆ ಬಿಳಿ ಬಿಲ್ಲೆಯ ಬೆಳಕು ಸರಿಯಾಗಿ ಅವಳ ಮುಖದ ಮೇಲೆ ಬಿದ್ದಿತ್ತು.

"ನೋಡೋಕೆ ಇರ್ತೀಯಾ?"

"ಇರ್ತೀನಿ," ಎಂದ ಎಮೆಟ್. "ಮೊದಲು ಆ ಕಬ್ಬಿಣ ಕೆಳಗಿಡು."