ಏಳನೇ ಬಾಟಲಿ

ಏಳು ಬಾಟಲಿಗಳಲ್ಲಿ ಆರರ ನೀರು ಪರೀಕ್ಷೆಯ ಔಷಧದ ಹನಿ ಬಿದ್ದೊಡನೆ ಹಳದಿಯಾಯಿತು. ಕ್ಲೋರಿನ್—ಅಂದರೆ ನಲ್ಲಿ ನೀರು.

ಬ್ಯಾಟರಿ ಕರಗಿಸುವ ಕಾರ್ಖಾನೆಯ ಪಕ್ಕದ ಬಾವಿಗಳಿಂದ ಆ ನೀರನ್ನು ತಂದೆನೆಂದು ಹೇಳಿದವಳು ಪರಿಸರ-ಆರೋಗ್ಯ ಸಂಶೋಧನೆಯ ತರಬೇತಿಗೆ ಸೇರಿದ್ದ ಹುಡುಗಿ. ಎಲ್ಲರ ಬಾಯಲ್ಲಿ ಅವಳ ಹೆಸರು ಗುಬ್ಬಿ. ಬಾವಿಗೆ ಕ್ಲೋರಿನ್ ಹಾಕುವ ಪುಣ್ಯಾತ್ಮರು ಆ ಕಡೆ ಯಾರೂ ಇರಲಿಲ್ಲ.

“ಮನೇಲೇ ಕೂತು ನಲ್ಲಿ ತಿರುಗಿಸಿದಾಳೆ,” ಎಂದರು ತರಬೇತಿಯ ಮೇಷ್ಟ್ರು, ಕರವಸ್ತ್ರದಲ್ಲಿ ಬೆರಳು ಒರೆಸಿಕೊಳ್ಳುತ್ತ. “ಇವತ್ತೇ ತರಬೇತಿಯಿಂದ ತೆಗೆದುಹಾಕ್ತೀವಿ. ನಿಮ್ಮದೊಂದು ಸಹಿ ಸಾಕು, ಮೇಡಂ.”

ಮೇಲಿನ ಕಚೇರಿಯಿಂದ ತನಿಖೆಗೆ ಬಂದಿದ್ದ ಮೇಡಂಗೆ ಒಳಗೆ ಕಾಲಿಟ್ಟಾಗಿನಿಂದಲೂ ಹೇಸಿಗೆ. ಗೋಡೆಯ ಗಡಿಯಾರದಿಂದ ಮೇಜಿನ ಪೆನ್ ಸ್ಟ್ಯಾಂಡಿನವರೆಗೆ ಎಲ್ಲದರ ಮೇಲೂ ಆ ಕಾರ್ಖಾನೆಯದೇ ಮುದ್ರೆ.

“ಬಾಟಲಿಗಳು ರಾತ್ರಿ ಎಲ್ಲಿದ್ವು?”

“ಫ್ರಿಜ್ಜಲ್ಲಿ. ಕೀ ನನ್ನ ಹತ್ರ ಒಂದು, ಡ್ರೈವರ್ ಹತ್ರ ಒಂದು.”

ಅವಳನ್ನು ಬಾವಿಗಳಿಗೆ ಕರೆದೊಯ್ದಿದ್ದ ಡ್ರೈವರ್ ಬಾಗಿಲಲ್ಲಿ ನಿಂತು ಗೊಣಗಿದ, “ಹಗ್ಗ ಎಳೆದೂ ಎಳೆದೂ ಈಯಮ್ಮನ ಕೈಯೆಲ್ಲ ಬೊಬ್ಬೆ ಬಂದಿತ್ತು, ಮೇಡಂ. ನಾನೇ ನೋಡಿದೀನಿ.”

“ಇಬ್ಬರೂ ಸೇರ್ಕೊಂಡಿದಾರೆ,” ಮೇಷ್ಟ್ರು ಮೂಗು ಮುರಿದರು.

ಗುಬ್ಬಿ ನೆಲ ನೋಡುತ್ತಿದ್ದಳು.

“ಏಳನೇ ಬಾಟಲಿ ಮಾತ್ರ ಹಳದಿ ಆಗಿಲ್ವಲ್ಲ?” ಮೇಡಂ ಮೇಷ್ಟ್ರನ್ನು ಕೇಳಿದರು.

“ಅದು ಬ್ಲ್ಯಾಂಕ್. ದಾರೀಲಿ ಕೊಳೆ ಸೇರ್ತಾ ಅಂತ ತಿಳಿಯೋಕೆ ಲ್ಯಾಬಿನ ಶುದ್ಧ ನೀರನ್ನೂ ಬಾವಿ ಹತ್ರ ಒಂದು ಬಾಟಲಿಗೆ ಹುಯ್ಕೊಂಡು ಬರ್ತಾರೆ. ಅದು ಹಳದಿ ಆಗಬಾರದು.”

“ಎಲ್ಲಾ ಬಾಟಲಿ ಒಂದೇ ಥರ. ಬ್ಲ್ಯಾಂಕ್ ಯಾವುದು ಅಂತ ಯಾರಿಗೆ ಗೊತ್ತಿರತ್ತೆ?”

“ನೀರು ತರೋರು ಹೊರಡೋ ಮುಂಚೆ ನನಗೊಬ್ಬನಿಗೇ ಹೇಳ್ಬೇಕು. ಇವಳು ಏಳು ಅಂದಿದ್ಲು. ಇಲ್ಲಿನ ನಿಯಮ ಅದು.”

ಮೇಡಂ ಏಳನೇ ಬಾಟಲಿಯನ್ನು ಕೈಯಲ್ಲಿ ಹಿಡಿದು ನೀರಿನ ಲೋಹ ಅಳೆಯುವ ಯಂತ್ರದ ಕೋಣೆಗೆ ಹೋದರು. ಮರಳಿದಾಗ ಅವರ ಮುಖ ಗಂಟಿಕ್ಕಿತ್ತು.

“ಇದರ ತುಂಬ ಸೀಸ, ಬ್ಯಾಟರಿಯಿಂದ ಬರೋ ವಿಷ. ಶುದ್ಧ ನೀರಿಗೆ ಸೀಸ ಎಲ್ಲಿಂದ ಬಂತು, ಗುಬ್ಬಿ? ಹೆದರಬೇಡಮ್ಮ, ಹೇಳು.”

ಹುಡುಗಿ ತಲೆ ತಗ್ಗಿಸಿಯೇ ಮೂರನೇ ಬಾಟಲಿಯತ್ತ ಬೆರಳು ತೋರಿಸಿದಳು. “ತಪ್ಪಾಯ್ತು ಮೇಡಂ. ಗಡಿಬಿಡೀಲಿ ಶುದ್ಧ ನೀರನ್ನ ಮೂರನೇದಕ್ಕೆ ಹುಯ್ದು, ಏಳನೇದಕ್ಕೆ ಬಾವಿ ನೀರು ತುಂಬಿಬಿಟ್ಟೆ. ಹೇಳಿದ್ರೆ ತೆಗೆದುಹಾಕ್ತಾರೆ ಅಂತ ಬಾಯಿ ಬಿಡ್ಲಿಲ್ಲ.”

“ನಿನ್ನ ತಪ್ಪೇ ನಿನ್ನನ್ನ ಉಳಿಸ್ತು.” ಮೇಡಂ ಮೇಷ್ಟ್ರ ಕಡೆ ತಿರುಗಿದರು. “ಅದು ಹಳದಿ ಆಗ್ಲಿಲ್ಲ, ಬ್ಲ್ಯಾಂಕ್ ತಾನೇ ಅಂತ ಎಲ್ಲರೂ ಸುಮ್ಮನಾದ್ರಿ. ನೀರು ಬದಲಾಯಿಸಿದ ಕೈ ಕೂಡ ಹಾಗೇ ಅಂದ್ಕೊಂಡು ಅದೊಂದನ್ನ ಮುಟ್ಲಿಲ್ಲ. ಮೂರಕ್ಕೆ, ಅಂದ್ರೆ ನಿಜವಾದ ಬ್ಲ್ಯಾಂಕಿಗೇ ನಲ್ಲಿ ನೀರು ತುಂಬಿದೆ. ಇವಳೇ ಬದಲಾಯಿಸಿದ್ರೆ ಮೂರನ್ನ ಬಿಡ್ತಿದ್ಲು. ಡ್ರೈವರ್‌ಗೆ ನಂಬರೇ ಗೊತ್ತಿಲ್ಲ. ಏಳು ಅಂತ ಕೇಳಿಸ್ಕೊಂಡಿದ್ದ ಕಿವಿ ಒಂದೇ—ನಿಮ್ಮದು.”

ಮೇಷ್ಟ್ರು ಬೆರಳು ಒರೆಸುವುದನ್ನು ನಿಲ್ಲಿಸಿದರು. ನಾಚಿಕೆಯಾದರೂ ಇತ್ತೇ? ಅದೂ ಇಲ್ಲ.

“ಈ ತರಬೇತಿ ನಡೀತಿರೋದೇ ಕಾರ್ಖಾನೆಯವರ ಸಹಾಯದಿಂದ, ಮೇಡಂ. ಅದು ನಿಂತ್ರೆ ಈ ಮಕ್ಕಳಿಗೆ ಕಲಿಸೋರು ಯಾರು? ನಾನು ಮಾಡಿದ್ದು ಇವರಿಗೋಸ್ಕರ.”

ಮೇಡಂ ತಮ್ಮದೇ ಪೆನ್ ಹೊರತೆಗೆದರು. ಕಳ್ಳತನವನ್ನಾದರೂ ಸಹಿಸಬಹುದು, ಈ ಉಪಕಾರವನ್ನು ಸಹಿಸುವುದು ಹೇಗೆ? “ತೆಗೆದುಹಾಕೋಕೆ ಸಹಿ ಹಾಕ್ತೀನಿ,” ಎಂದರು. “ಹೆಸರು ಮಾತ್ರ ನಿಮ್ಮದು.”

ಗುಬ್ಬಿ ಆಗ ಮೊದಲ ಸಲ ತಲೆ ಎತ್ತಿದಳು.

“ಬಾಟಲಿ ನೀರು ಬದಲಾಯಿಸಿದ್ರಲ್ಲ, ಸರ್. ಆ ಬಾವಿ ಹತ್ರದ ಮಕ್ಕಳ ಬಿಂದಿಗೆ ನೀರನ್ನೂ ಬದಲಾಯಿಸಿ ಕೊಡಬಹುದಿತ್ತು.”