ನೀರಿಲ್ಲದ ಮೂರನೆಯ ಡಕ್ಟ್

“ಕೀಲಿ ನಿನ್ನ ಹತ್ರ ಇತ್ತು. ಬ್ಯಾರೆ ಯಾರೂ ಒಳಗ ಬಂದಿಲ್ಲ. ಮತ್ತ ನನ್ನ ಬೋರಮಾಳಕ್ಕ ಕಾಲ ಬಂದು ನಡಕೋತ ಹೋತೇನೋ?”

ರಾಜೇಶ್ವರಿಯ ದನಿಗೆ ನಿಪ್ಪಾಣಿಯ ಆ ಹೊಸ ಅಪಾರ್ಟ್‌ಮೆಂಟಿನ ಎರಡನೆಯ ಮಹಡಿಯೆಲ್ಲ ಬಂದು ಬಾಗಿಲಲ್ಲಿ ನಿಂತಿತ್ತು. ಪ್ಲಂಬರ್ ಮಾಳಸಿದ್ದನ ಕೈಯಲ್ಲಿ ನಳ ಬಿಗಿಯುವ ಪಾನಾ ಹಾಗೇ ಉಳಿಯಿತು. ರಾಯಬಾಗಕ್ಕೆ ಎರಡು ದಿನ ಮದುವೆಗೆ ಹೋಗುವಾಗ, ಅಡುಗೆಮನೆಯ ನಳ ಕೂಡಿಸಲೆಂದು ಆಕೆಯೇ ಕೀಲಿ ಕೊಟ್ಟಿದ್ದಳು. ಬಂದು ನೋಡಿದರೆ ಬಂಗಾರದ ಬೋರಮಾಳ ಸರ ಮಾಯ!

“ಅಕ್ಕಾರ, ನಳ ಕೂಡ್ಸಿದೆ, ಕೀಲಿ ಹಾಕಿದೆ, ಹೋದೆ—”

“ಹಂಗಾರ ನಕಾಶೆದಾಗ ಪೈಪಿನ ಡಕ್ಟ್ ಎರಡ ಇದ್ದು, ಅಡಗಿಮನ್ಯಾಗ ಮೂರ ಹೆಂಗಾದೂ? ಅದನ್ನೂ ‘ನಂದಲ್ಲ’ ಅಂತಿ! ಪೋಲೀಸರ ಮುಂದ ಹೇಳ ನಡಿ.”

ಕರೋಶಿಯಲ್ಲಿ ಮಾಳಸಿದ್ದನ ಮನೆಯವರೆಲ್ಲ ಕುರಿ ಕಾಯುವವರು. ಪೈಪು ಹಿಡಿದವನು ಇವನೊಬ್ಬನೇ. ಕಳ್ಳನೆಂಬ ಹೆಸರು ಬಿದ್ದರೆ ಯಾವ ಮನೆಯವರು ಒಳಗೆ ಬಿಟ್ಟುಕೊಂಡಾರು? ಪುಣ್ಯಕ್ಕೆ, ತನಗೆ ಕೆಲಸ ಕಲಿಸಿದ ಗುರು ಲಕ್ಷ್ಮಣ ಕಾಕಾಗೆ ಆಗಲೇ ಫೋನು ಮಾಡಿದ್ದ. ಮೂವತ್ತು ವರ್ಷ ಊರಿಗೆ ನೀರು ಬಿಟ್ಟ ಮುದುಕ. ಕಬ್ಬಿಣದ ಸರಳು ನೆಲಕ್ಕೂರಿ, ಮೇಲ್ತುದಿಗೆ ಕಿವಿ ಹಚ್ಚಿ, ಮಣ್ಣಿನಡಿಯ ಸೋರಿಕೆ ಹಿಡಿಯುತ್ತಿದ್ದವನು.

ಕಾಕಾ ಆ ಸರಳಿನ ಸಮೇತವೇ ಬಂದ.

“ಕಪಾಟ ಒಡದಾರೇನವಾ?”

“ಇಲ್ರಿ. ಅದರಾಗಿನ ಬಳಿ, ಉಂಗುರ ಎಲ್ಲಾ ಅದಾವು.”

“ಮತ್ತ ಬೋರಮಾಳ ಎಲ್ಲಿಟ್ಟಿದ್ದಿ?”

ರಾಜೇಶ್ವರಿ ಅಕ್ಕಪಕ್ಕ ನೋಡಿದಳು. “ಶೇಂಗಾ ಉಂಡಿ ಡಬ್ಬಿ ತಳದಾಗ... ಅರಿವ್ಯಾಗ ಸುತ್ತಿ. ಡಬ್ಬಿನೂ ಇಲ್ರಿ!”

ಬಾಗಿಲಲ್ಲಿ ನಿಂತಿದ್ದ ಅವಳ ಅತ್ತೆ ಅಕ್ಕವ್ವ ತಟ್ಟನೆ ಸೆರಗನ್ನು ಬಾಯಿಗೊತ್ತಿಕೊಂಡಳು. ಗೋಡೆಯಾಚೆಯ ಮನೆಯಲ್ಲಿ ಕಿರಿಯ ಮಗ ಮಲ್ಲೇಶ, ಅವನ ಹೆಂಡತಿ ಸ್ನೇಹಲಾ ಜೊತೆ ಇರುವಾಕೆ. ಕಾಕಾ ಅದನ್ನು ನೋಡಿದನೋ ಇಲ್ಲವೋ, ಮಾಳಸಿದ್ದನಿಗೆ ತಿಳಿಯಲಿಲ್ಲ.

“ನಳ ಎಲ್ಲಾ ಬಿಡಲೇ, ಮಾಳ್ಯಾ!”

ಮೊದಲ ಡಕ್ಟಿಗೆ ಸರಳು ಹಚ್ಚಿದ— ಗುಳುಗುಳು. ಎರಡನೆಯದು— ಗುಳುಗುಳು. ಮೂರನೆಯದು—

ಕಾಕಾನ ಹುಬ್ಬು ಹಣೆಗೇರಿತು. “ನೀನ ಕೇಳ ಬಾ.”

ಮಾಳಸಿದ್ದ ಕಿವಿ ಹಚ್ಚಿದ. ಹನಿ ನೀರಿನ ಸದ್ದಿಲ್ಲ. ಆದರೆ— ಬಳೆ! ಕಿವಿಯ ಹತ್ತಿರವೇ ಬಳೆಗಳ ಸದ್ದು!

“ಪೈಪಿಲ್ಲದ ಡಕ್ಟ್,” ಎಂದ ಕಾಕಾ. “ಇದರ ಬಾಗಲಕ್ಕ ಈ ಕಡೆ ಹಿಡಿಕಿನ ಇಲ್ಲ. ಪ್ಲಂಬರ್ ಮಾಡಿದ್ರ ತಾ ಹೆಂಗ ತಗೀಬೇಕಂತ ಮಾಡ್ಯಾನು? ಇದು ಗ್ವಾಡಿ ಆಚಿ ಮನಿಯಿಂದ ತಗಿಯೂ ಬಾಗಲ.”

“ಅಂದ್ರ ಕಳ್ಳ ಅಲ್ಲಿಂದ—?”

“ಬಂಗಾರ ಬೇಕಾದಾಂವ ಕಪಾಟ ಬಿಡ್ತಾನೇನವಾ? ಡಬ್ಬ್ಯಾಗ ಬಂಗಾರ ಐತಿ ಅನ್ನೂದ ತಗೊಂಡಾಕಿಗೆ ಗೊತ್ತ ಇರ್ಲಿಲ್ಲ. ಆಕಿಗೆ ಬೇಕಾಗಿದ್ದು ಉಂಡಿ!” ಕಾಕಾ ಬಾಗಿಲ ಕಡೆ ತಿರುಗಿದ. “ಹೌದಲ್ರಿ, ಅಕ್ಕವ್ವಾರ?”

ಮುದುಕಿ ಅಲ್ಲೇ ಕುಕ್ಕರಿಸಿದಳು.

“ನಮ್ಮ ಬೋರಗಾಂವದ ಹಳೇ ಮನ್ಯಾಗ ಎರಡ ಒಲಿ ನಡುವ ಕಿಂಡಿ ಇತ್ತು. ಪಲ್ಲೆ, ಮಜ್ಜಗಿ ಅಡ್ಡಾಡತಿತ್ತು. ಇಲ್ಲೂ ಗ್ವಾಡಿ ಕಟ್ಟೂ ಗೌಂಡಿಗೆ ನಾನ ಹೇಳಿ ಬಿಡಿಸ್ದೆ. ನೀವ ಇಬ್ರೂ ನೆಗೆಣ್ಯಾರು ಮಾತ ಬಿಟ್ಟೀರಿ. ಗೊತ್ತಾದ್ರ ಮುಚ್ಚಸ್ತೀರಂತ ಡಕ್ಟ್ ಅಂದೆ. ಸ್ನೇಹಲಾಗ ಏಳ ತಿಂಗಳವಾ. ನಿನ್ನ ಕೈಯಾನ ಉಂಡಿ ಬೇಕಂತ ಬಯಕಿ. ಕೇಳಾಕ ಆಕಿಗೆ ಬಾಯಿಲ್ಲ, ಕೊಡಾಕ ನಿನಗ ಮನಸಿಲ್ಲ. ನಾನ ಕೈ ಹಾಕಿ ತಗೊಂಡೆ.”

ಕಿರ್ರೆಂದು ಡಕ್ಟಿನ ಬಾಗಿಲು ತೆರೆಯಿತು. ಹಸಿರು ಬಳೆಯ ಕೈಯೊಂದು ಸ್ಟೀಲಿನ ಡಬ್ಬಿ ಹಿಡಿದು ಹೊರಬಂತು. ಒಳಗೆ ಎರಡು ಉಂಡಿ. ಅಡಿಯಲ್ಲಿ, ಅರಿವೆಯ ಗಂಟು.

ರಾಜೇಶ್ವರಿ ಗಂಟು ತೆಗೆದುಕೊಂಡಳು. ಡಬ್ಬಿಯನ್ನು ಆ ಕೈಗೇ ವಾಪಸು ಕೊಟ್ಟಳು.

“ಮುಗಿಸಿ ಕಳಸ ಸ್ನೇಹಲಾ, ನಾಳೆ ಹೊಸಾವ ಕಟ್ತೀನಿ.” ಆಮೇಲೆ ಬಾಗಿಲಲ್ಲಿದ್ದವರ ಕಡೆ ತಿರುಗಿ ದನಿ ಎತ್ತರಿಸಿದಳು. “ಮಾಳಸಿದ್ದ ಏನೂ ಕದ್ದಿಲ್ರಿ! ಎಲ್ಲಾರ ಮುಂದ ಅಂದಿದ್ದೆ, ಎಲ್ಲಾರ ಮುಂದನ ಹೇಳಾಕತ್ತೀನಿ. ತಪ್ಪು ನಂದು. ತಮ್ಮಾ, ಸಿಟ್ಟಾಗಬ್ಯಾಡೋ.”

“ಇರ್ಲಿ ಬಿಡ್ರಿ, ಅಕ್ಕಾರ.”

ಡಕ್ಟಿನ ಬಾಗಿಲು ಒಂದೇ ತಿರುಪಿನ ಮೇಲೆ ಸೊಟ್ಟಗೆ ಜೋತಾಡುತ್ತಿತ್ತು. ಮಾಳಸಿದ್ದ ಚೀಲದಿಂದ ಸ್ಕ್ರೂಡ್ರೈವರ್ ತೆಗೆದು, ಮೊಣಕಾಲೂರಿ ಕೂತು, ಅದನ್ನು ನೆಟ್ಟಗೆ ಕೂಡಿಸತೊಡಗಿದ.