ಟೈರ್ ಅಂಗಡಿಗೆ ಬಂದ ಕರೆಗಳು

ಶನಿವಾರ ಹಗಲು ಹನ್ನೊಂದು ಗಂಟೆಗೆ ಭಾವ ಸ್ಕ್ರೂಡ್ರೈವರ್ ಹಿಡಿದು ಬಂದು, ತಮ್ಮನ ಕೋಣೆಯ ತೆರೆದ ಬಾಗಿಲಿನ ಒಳಚಿಲಕ ಬಿಚ್ಚತೊಡಗಿದರು. ತಡೆಯಬೇಕೋ, ಅವರು ಹತ್ತಿದ್ದ ಸ್ಟೂಲು ಅಲುಗದಂತೆ ಹಿಡಿದುಕೊಳ್ಳಬೇಕೋ ಸೊಸೆಗೆ ತಿಳಿಯಲಿಲ್ಲ. ಸ್ಟೂಲನ್ನು ಅತ್ತೆ ಆಗಲೇ ಹಿಡಿದುಕೊಂಡಿದ್ದರು. ಬಿಚ್ಚಿದ ಸ್ಕ್ರೂಗಳನ್ನು ಭಾವ ಒಂದೊಂದಾಗಿ ತುಟಿಗಳ ನಡುವೆ ಕಚ್ಚಿಕೊಳ್ಳುತ್ತಿದ್ದುದರಿಂದ ಅವರ ಬೈಗುಳ ಹಲ್ಲಿನ ಸಂದಿಯಲ್ಲಿ ಸೋಸಿಕೊಂಡು ಬರುತ್ತಿತ್ತು. ಹಾಗಾಗಿ ಎಂದಿಗಿಂತ ಸ್ವಲ್ಪ ಮರ್ಯಾದೆಯಾಗಿಯೇ ಕೇಳಿಸುತ್ತಿತ್ತು.

"ಹಗಲು ಹೊತ್ತಲ್ಲಿ ಬಾಗಿಲು ಹಾಕ್ಕೊಂಡು ಮಲಗೋಕೆ ಇದೇನು ಲಾಡ್ಜಾ? ಹತ್ತೊಂಬತ್ತು ದಿನ ಆಯ್ತು. ಅಲ್ಲಿ ಪ್ರೂಫು ಗುಡ್ಡೆ ಬಿದ್ದಿದೆ. ಸೋಮಾರಿತನಕ್ಕೂ ಒಂದು ಮಿತಿ ಬೇಡವಾ?"

"ಅವನಿಗೇನೋ ಮನೆಯಲ್ಲಿ ನೆಮ್ಮದಿ ಇಲ್ಲ," ಎಂದರು ಅತ್ತೆ, ಸ್ಟೂಲಿನ ಕಾಲನ್ನು ನೋಡುತ್ತ. 'ಮನೆ' ಎಂದರೆ ಯಾರೆಂದು ಸೊಸೆಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಹನ್ನೆರಡು ವರ್ಷಗಳಿಂದ ಆ ಮನೆಯಲ್ಲಿ ಹಾಲು ಉಕ್ಕಿದರೂ ಕಾರಣ ಅವಳೇ.

ಗಂಡ ಗೋಡೆಯತ್ತ ಮುಖ ಮಾಡಿ ಮಲಗಿದ್ದ. ಚಿಲಕ ಕಳಚಿ ನೆಲಕ್ಕೆ ಬಿದ್ದಾಗಲೂ ಹೊರಳಲಿಲ್ಲ.

ಮನೆಯ ಕೆಳಗೇ ಅವರ ಪ್ರೆಸ್ಸು. ಭಾವ ಯಜಮಾನರು. ಅವಳು ಬೈಂಡಿಂಗ್ ವಿಭಾಗದಲ್ಲಿ ಮಡಿಸುವವಳು, ಹೊಲಿಯುವವಳು, ಅಂಟಿಸುವವಳು. ಗಂಡ ಪ್ರೂಫ್ ನೋಡುವವನು. ಕೆಂಪು ಪೆನ್ಸಿಲ್ ಹಿಡಿದು ತಪ್ಪು ಹುಡುಕುವುದೇ ಕಸುಬು. ಅವನಿಗೊಂದು ಹಟವಿತ್ತು. ಅಚ್ಚಿಗೆ ಹೋಗುವ ಕಾಗದದಲ್ಲಿ ಫೋನ್ ನಂಬರ್ ಇದ್ದರೆ, ಅದಕ್ಕೆ ತಾನೇ ಒಮ್ಮೆ ಫೋನ್ ಮಾಡಿ, ಆ ಕಡೆ ಸರಿಯಾದವರೇ ಎತ್ತುತ್ತಾರೆಂದು ಖಾತ್ರಿಯಾದ ಮೇಲೆಯೇ 'ಸರಿಯಾಗಿದೆ' ಎಂದು ಬರೆದು ಸಹಿ ಹಾಕುವುದು. ಅಂಥವನು ಹತ್ತೊಂಬತ್ತು ದಿನಗಳ ಹಿಂದೆ, ಯಾವುದೋ ಶಾಲೆಯ ವಾರ್ಷಿಕ ವರದಿಯ ಆರನೇ ಪುಟದಲ್ಲಿ ಪೆನ್ಸಿಲ್ ಇಟ್ಟು, ಮೆಟ್ಟಿಲು ಹತ್ತಿ ಬಂದು ಮಲಗಿದ್ದ. ಊಟಕ್ಕೆ ಕರೆದರೆ ಎರಡು ತುತ್ತು. ಸ್ನಾನ ಮಾಡಿ ಎಂದರೆ, "ಆಮೇಲೆ." ಹಿಂದಿನ ದಿನ ಮಾತ್ರ ಅವನು ತಾನಾಗಿ ಒಂದು ಮಾತಾಡಿದ್ದ.

"ನಾನೊಬ್ಬ ಇಲ್ಲದಿದ್ರೆ ನಿಮಗೆಲ್ಲ ಎಷ್ಟೋ ಹಗುರ ಅಲ್ವಾ..."

ಬೇಸರದಲ್ಲಿ ಆಡುವ ಮಾತಿನ ಹಾಗೆ ಹೇಳಿರಲಿಲ್ಲ ಅವನು. ಪುಟದಲ್ಲಿ ತಪ್ಪು ಸಿಕ್ಕಾಗ ಹೇಳುವಂತೆ ಹೇಳಿದ್ದ, ಶಾಂತವಾಗಿ, ಪರಿಶೀಲಿಸಿ. ಅದನ್ನು ಭಾವನಿಗೆ ಹೇಳಿದರೆ, "ನಾಟಕ" ಎಂದರು. ಅತ್ತೆಗೆ ಹೇಳಿದರೆ, ಅವರು ಎದ್ದು ಒಳಗೆ ಹೋದರು.

ಸೋಮವಾರ ಬೆಳಿಗ್ಗೆ ಗಂಡನ ಪಕ್ಕದಲ್ಲಿ ಕೂರಲು ಅತ್ತೆಯನ್ನು ಒಪ್ಪಿಸಿ ಅವಳು ಆರೋಗ್ಯ ಕೇಂದ್ರಕ್ಕೆ ಹೋದಳು. ವಿಚಾರಣೆಯ ಕಿಟಕಿಯಲ್ಲಿ ಕೂತಿದ್ದವನು ಎಲ್ಲವನ್ನೂ ಕೇಳಿಸಿಕೊಂಡು, "ಮನಸ್ಸಿನದ್ದು ಇಲ್ಲಿ ನೋಡಲ್ಲ ಮೇಡಂ. ಹಲ್ಲಾದ್ರೆ ಮೂರನೇ ಕೌಂಟರು," ಎಂದ.

"ಹಲ್ಲಲ್ಲ. ಅವರು ಊಟ ಮಾಡ್ತಿಲ್ಲ, ಮಾತಾಡ್ತಿಲ್ಲ, ಸಾಯೋ ಮಾತು..."

"ಅದಕ್ಕೇ ಅಲ್ಲಿ ಅಂಟಿಸಿದ್ದೀವಲ್ಲ, ಓದಿಕೊಳ್ಳಿ."

ಗೋಡೆಯ ಮೇಲಿದ್ದ ಕರಪತ್ರವನ್ನು ಅವಳು ಓದಬೇಕಾಗಿರಲಿಲ್ಲ, ಅದರ ಮಡಿಕೆ ನೋಡಿಯೇ ಗುರುತು ಸಿಕ್ಕಿತು. 'ಮನಸ್ಸಿಗೆ ಭಾರವೇ? ಒಬ್ಬರೇ ಹೊರಬೇಡಿ. ಆಪ್ತ ಸಲಹಾ ಕೇಂದ್ರಕ್ಕೆ ಫೋನ್ ಮಾಡಿ.' ಏಳು ತಿಂಗಳ ಹಿಂದೆ ಆರೋಗ್ಯ ಕೇಂದ್ರಕ್ಕಾಗಿ ತಮ್ಮದೇ ಪ್ರೆಸ್ಸಿನಲ್ಲಿ ಅಚ್ಚಾದದ್ದು. ಎಂಟು ಸಾವಿರ ಪ್ರತಿಗಳನ್ನು ಮೂರು ಮಡಿಕೆ ಮಾಡಿದ್ದು ಅವಳದೇ ಹೆಬ್ಬೆರಳು. ಆಗ ಒಂದಕ್ಷರವನ್ನೂ ಓದಿರಲಿಲ್ಲ. ಮಡಿಸುವವರು ಓದುತ್ತ ಕೂತರೆ ಕೆಲಸ ಸಾಗುವುದು ಹೇಗೆ?

ಅಲ್ಲೇ ಕಾರಿಡಾರಿನಲ್ಲಿ ನಿಂತು ಫೋನ್ ಮಾಡಿದಳು.

"ಹಲೋ, ಅಳೋದಿದ್ರೆ ಒಂದು ನಿಮಿಷ ತಡೀರಿ, ಜ್ಯಾಕ್ ಇಳಿಸಿ ಬರ್ತೀನಿ," ಎಂದಿತು ಆ ಕಡೆಯ ಗಡಸು ದನಿ.

ಅವಳು ಫೋನನ್ನು ಕಿವಿಯಿಂದ ತೆಗೆದು ನಂಬರನ್ನು ಮತ್ತೊಮ್ಮೆ ನೋಡಿದಳು. ಕಬ್ಬಿಣ ನೆಲಕ್ಕೆ ಬಡಿದ ಸದ್ದು ಕೇಳಿಸಿತು. ಆಮೇಲೆ ದನಿ ಮತ್ತೆ ಬಂತು. "ಹಾಂ, ಹೇಳಿ ತಾಯಿ."

"ಇದು... ಆಪ್ತ ಸಲಹಾ ಕೇಂದ್ರ ಅಲ್ವಾ?"

"ಅಲ್ಲ. ಟೈರ್ ಅಂಗಡಿ. ಆದ್ರೆ ಫೋನ್ ಇಡಬೇಡಿ. ಆ ಕೇಂದ್ರ ಎಲ್ಲಿಗೆ ಹೋಯ್ತು ಅಂತ ನಾನೇ ಹುಡುಕಿ ಇಟ್ಕೊಂಡಿದ್ದೀನಿ. ಬರ್ಕೊಳ್ಳಿ. ಗ್ರಂಥಾಲಯದ ಮಹಡಿ ಮೇಲೆ. ಮಂಗಳವಾರ, ಶುಕ್ರವಾರ, ಬೆಳಿಗ್ಗೆ ಹತ್ತರಿಂದ ಒಂದು. ಚೀಟಿ ಗೀಟಿ ಏನೂ ಕೇಳಲ್ಲ, ಸುಮ್ಮನೆ ಹೋಗಿ ಕೂತ್ಕೊಂಡ್ರೆ ಕರೀತಾರೆ. ಮೆಟ್ಟಿಲು ಸ್ವಲ್ಪ ಕಡಿದು, ವಯಸ್ಸಾದವರಿದ್ರೆ ಕೈ ಹಿಡ್ಕೊಳ್ಳಿ."

ಅವನು ಅದನ್ನು ನೂರು ಸಲ ಹೇಳಿದವನಂತೆ, ಒಂದೇ ಉಸಿರಿನಲ್ಲಿ ಹೇಳಿದ. ಅವಳು ಕೈ ಮೇಲೆಯೇ ಬರೆದುಕೊಂಡಳು.

"ನಿಮಗೆ ತುಂಬಾ ಜನ ಫೋನ್ ಮಾಡ್ತಾರಾ?"

"ದಿನಕ್ಕೆ ಮೂರೋ ನಾಲ್ಕೋ. ಮೊದಮೊದಲು ರಾಂಗ್ ನಂಬರ್ ಅಂತ ಇಟ್ಟುಬಿಡ್ತಿದ್ದೆ. ಆಮೇಲೆ ಒಬ್ಬರು ಮೇಷ್ಟ್ರು ನನಗೆ ಬಾಯಿ ತೆರೆಯೋಕೇ ಬಿಡದೆ ಮುಕ್ಕಾಲು ಗಂಟೆ ಮಾತಾಡಿದ್ರು. ಅಷ್ಟರಲ್ಲಿ ನಾನು ಒಂದು ಲಾರಿ ಚಕ್ರ ಬಿಚ್ಚಿ ಹಾಕಿದ್ದೆ. ಕೊನೇಲಿ 'ಹಗುರಾಯ್ತು ಡಾಕ್ಟ್ರೇ' ಅಂದ್ರು. ಏನು ಹೇಳ್ಲಿ, 'ಗಾಳಿ ಸರಿಯಾಗಿದೆ, ಹೋಗಿ ಬನ್ನಿ' ಅಂದೆ." ಅವನು ನಕ್ಕ. ನಗು ಅರ್ಧಕ್ಕೇ ನಿಂತಿತು. "ಆ ಕಾಗದದ ತುದೀಲಿ ಪ್ರೆಸ್ಸಿನ ವಿಳಾಸ ಸಣ್ಣಕ್ಷರದಲ್ಲಿ ಇತ್ತಲ್ಲ, ಹುಡುಕ್ಕೊಂಡು ಹೋದೆ. ಎರಡು ಸಲ ಹೋದೆ. ಯಜಮಾನ್ರು, 'ನಿಮ್ಮ ಅಂಗಡಿಗೆ ಪುಕ್ಕಟೆ ಪ್ರಚಾರ ಆಯ್ತಲ್ಲ, ಬಿಡಿ' ಅಂದ್ರು. ಮೂರನೇ ಸಲ ಅವರು ಇರ್ಲಿಲ್ಲ. ಕೆಂಪು ಪೆನ್ಸಿಲ್ ಹಿಡ್ಕೊಂಡು ಒಬ್ಬರು ಕೂತಿದ್ರು. ಪಾಪ, ಒಳ್ಳೆಯವರು. ಅವರಿಗೆ ಆ ಹುಡುಗಿ ವಿಷಯ ಹೇಳ್ದೆ."

"ಯಾವ ಹುಡುಗಿ?"

"ಒಬ್ಬಳು ಫೋನ್ ಮಾಡಿದ್ಲು ತಾಯಿ. ಟೈರ್ ಅಂಗಡಿ ಅಂದ ಕೂಡ್ಲೇ, 'ಸಾರಿ ಅಂಕಲ್' ಅಂತ ಇಟ್ಟುಬಿಟ್ಲು. ಆ ದನಿ ಯಾಕೋ ಸರಿ ಇರ್ಲಿಲ್ಲ. ನಾನೇ ವಾಪಸ್ ಮಾಡ್ದೆ. ಎತ್ತಲಿಲ್ಲ. ಈಗಲೂ ದಿನಾ ಒಂದು ಸಲ ಮಾಡ್ತೀನಿ. ರಿಂಗಾಗುತ್ತೆ... ಎತ್ತಲ್ಲ. ಅವರಿಗೆ ಇದನ್ನ ಹೇಳಬಾರದಿತ್ತೋ ಏನೋ. ಕೇಳ್ತಾ ಕೇಳ್ತಾ ಮುಖ ಬಿಳಿಚಿಕೊಂಡುಬಿಡ್ತು. ಮೂರು ವಾರ ಆಗಿರಬೇಕು."

ಅವಳಿಗೆ ಎಣಿಸುವ ಅಗತ್ಯ ಬೀಳಲಿಲ್ಲ.

ಮನೆಗೆ ಹೋಗುವ ಮೊದಲು ನೇರ ಪ್ರೆಸ್ಸಿಗೆ ಹೋದಳು. ಸಹಿಯಾದ ಪ್ರೂಫುಗಳನ್ನು ಒಂದು ವರ್ಷ ಕಟ್ಟಿಡುವುದು ಅಲ್ಲಿಯ ಪದ್ಧತಿ. ನಾಳೆ ಗಿರಾಕಿ ಜಗಳಕ್ಕೆ ಬಂದರೆ ತೋರಿಸಲು. ಕಟ್ಟು ಬಿಚ್ಚಿ ಹುಡುಕಿದಳು. ಸಿಕ್ಕಿತು. ಫೋನ್ ನಂಬರಿನ ಸುತ್ತ ಕೆಂಪು ವೃತ್ತ, ಪಕ್ಕದಲ್ಲಿ ಗಂಡನ ಅಕ್ಷರ: 'ಈ ನಂಬರಿಗೆ ಫೋನ್ ಮಾಡಿದೆ. ಟೈರ್ ಅಂಗಡಿಯವರು ಎತ್ತಿದರು. ಕೇಂದ್ರ ಸ್ಥಳ ಬದಲಿಸಿದೆ. ಹೊಸ ನಂಬರ್ ಸಿಗುವವರೆಗೆ ಅಚ್ಚು ಬೇಡ.' ಅದರ ಮೇಲೆ ನೀಲಿ ಪೆನ್ನಿನಲ್ಲಿ ಭಾವನ ಅಕ್ಷರ: 'ಹೋದ ವರ್ಷದ ಅಚ್ಚಿನ ಪ್ಲೇಟ್ ಇದೆ. ಅದನ್ನೇ ಹೊಡಿ. ಇದನ್ನೆಲ್ಲ ಯಾರು ಓದುತ್ತಾರೆ.' ಅದರ ಕೆಳಗೆ ಮತ್ತೆ ಕೆಂಪು ಪೆನ್ಸಿಲ್... ಈ ಸಲ ತೀರಾ ಸಣ್ಣದಾಗಿ, ಒತ್ತಿಯೂ ಬರೆಯದೆ: 'ಸರಿಯಾಗಿದೆ.' ಮತ್ತು ಸಹಿ.

ಆ ಸಣ್ಣ ಅಕ್ಷರಗಳನ್ನು ನೋಡಿ ಅವಳಿಗೆ ಅಳು ಬರಬೇಕಿತ್ತು. ಬರಲಿಲ್ಲ. ಬಂದದ್ದು ಸಿಟ್ಟು. ಹನ್ನೆರಡು ವರ್ಷ ತಲೆ ತಗ್ಗಿಸಿಕೊಂಡು ನುಂಗಿದ್ದ ಸಿಟ್ಟೆಲ್ಲ ಒಂದೇ ಸಲಕ್ಕೆ ಎದ್ದು ಬಂತು. ಭಾವನ ಮೇಲೆ ಸಿಟ್ಟು ಸರಿ. ಆದರೆ ಗಂಡನ ಮೇಲೂ ಅಷ್ಟೇ ಸಿಟ್ಟು. ತಪ್ಪೆಂದು ಗೊತ್ತಿದ್ದೂ ಸಹಿ ಹಾಕಿದ ಆ ಕೈಯ ಮೇಲೆ, ಅಣ್ಣನೆದುರು ಒಂದು ಸಲವೂ ಏರದ ಆ ದನಿಯ ಮೇಲೆ. ಓದದೆ ಎಂಟು ಸಾವಿರ ಸಲ ಮಡಿಸಿದ ತನ್ನ ಮೇಲೂ. ಕಾಗದವನ್ನು ಕೈಚೀಲಕ್ಕೆ ಹಾಕಿಕೊಂಡು ಅವಳು ಬಂದ ದಾರಿಯಲ್ಲೇ ಮತ್ತೆ ಆರೋಗ್ಯ ಕೇಂದ್ರಕ್ಕೆ ನಡೆದಳು. ಈ ಬಾರಿ ವಿಚಾರಣೆಯ ಕಿಟಕಿಯ ಮುಂದೆ ನಿಲ್ಲಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಭಾವ, "ಬೆಳಿಗ್ಗೆಯಿಂದ ಬೈಂಡಿಂಗ್ ಟೇಬಲ್ ಖಾಲಿ. ಗಂಡನ ರೋಗ ಹೆಂಡತಿಗೂ ಅಂಟಿತಾ?" ಎಂದರು.

"ನಾಳೆ ಇವರನ್ನ ಆಪ್ತ ಸಲಹಾ ಕೇಂದ್ರಕ್ಕೆ ಕರ್ಕೊಂಡು ಹೋಗ್ತೀನಿ ಭಾವ."

ಭಾವನ ಕೈ ತಟ್ಟೆಯಲ್ಲೇ ನಿಂತಿತು. "ಎಲ್ಲಿಗೆ? ನಮ್ಮನೆಯವನು ಹೋಗಿ ಅಂಥಾ ಕಡೆ ಬೆಂಚಿನ ಮೇಲೆ ಕೂರೋದಾ? ನೋಡಿದವರು ಏನಂದ್ಕೋತಾರೆ?"

"ಅಲ್ಲಿಗೆ ಹೋಗಿ ಅಂತ ಎಂಟು ಸಾವಿರ ಜನಕ್ಕೆ ಅಚ್ಚು ಹಾಕಿ ಹಂಚಿದ್ದು ನೀವೇ. ಹೋಗಬೇಡಿ ಅಂತ ಹಳೇ ಪ್ಲೇಟ್ ಹೊಡೆದಿದ್ದೂ ನೀವೇ."

"ಓಹೋ. ಅವನು ಮಾಡಿದ ತಪ್ಪನ್ನ..."

"ಪ್ರೂಫ್ ಸಿಕ್ತು ಭಾವ. ನೀಲಿ ಪೆನ್ನಲ್ಲಿ ನೀವು ಬರೆದದ್ದೂ ಇದೆ. ಅದನ್ನ ಆರೋಗ್ಯಾಧಿಕಾರಿಗಳ ಮೇಜಿನ ಮೇಲಿಟ್ಟು ಬಂದಿದ್ದೀನಿ. ಹೊಸ ಕರಪತ್ರ ಬೇರೆ ಪ್ರೆಸ್ಸಲ್ಲಿ ಮಾಡಿಸ್ತಾರಂತೆ. ಹಳೇದನ್ನೆಲ್ಲ ನಾಳೆಯಿಂದ ಕೀಳಿಸ್ತಾರೆ."

ಭಾವ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದರು. "ಉಂಡ ಮನೆಗೆ... ನೀನು ಇನ್ನು ಪ್ರೆಸ್ಸಿನೊಳಗೆ ಕಾಲಿಡಬೇಡ."

"ಇಡಲ್ಲ. ಇವತ್ತೇ ಕತ್ತರಿ, ಸೂಜಿ ಎಲ್ಲಾ ಟೇಬಲ್ ಮೇಲೆ ಜೋಡಿಸಿಟ್ಟಿದ್ದೀನಿ. ಆದ್ರೆ ಒಂದು ಮಾತು ಕೇಳಿಸ್ಕೊಳ್ಳಿ. ನಿಮ್ಮ ತಮ್ಮ ಸೋಮಾರಿ ಅಲ್ಲ. ನೀವು ಹೊಡೆದ ಪ್ಲೇಟಿನ ಭಾರ ಅವರು ಹೊತ್ಕೊಂಡು ಮಲಗಿದ್ದಾರೆ. ನೀವು ಮೂರು ಹೊತ್ತು ಉಂಡು ನಿದ್ದೆ ಮಾಡ್ತಿದ್ದೀರಿ."

"ಅಮ್ಮಾ, ಕೇಳಿದ್ಯಾ ನಿನ್ನ ಸೊಸೆ ನಾಲಿಗೆ?" ಎಂದು ಭಾವ ತಾಯಿಯತ್ತ ತಿರುಗಿದರು.

ಅತ್ತೆ ಬಡಿಸುವ ಸೌಟನ್ನು ಹಿಡಿದು ನಿಂತೇ ಇದ್ದರು. ಈಗ ಸುರಿಯುತ್ತದೆ ಬೈಗುಳ ಎಂದುಕೊಂಡಳು ಸೊಸೆ. ಅತ್ತೆ ನಿಧಾನವಾಗಿ ಸೌಟನ್ನು ಪಾತ್ರೆಗೆ ಇಳಿಸಿದರು.

"ನಿಮ್ಮಪ್ಪನೂ ಹೀಗೇ ಮಲಗಿದ್ರು," ಎಂದರು. "ಗೋಡೆ ಕಡೆಗೇ. ಹನ್ನೊಂದು ತಿಂಗಳು."

"ಅಪ್ಪನಿಗೆ ಜ್ವರ ಅಲ್ವಾ..."

"ಜ್ವರ ಅಂತ ನಿನಗೆ ಹೇಳಿದ್ದು ನಾನು. ಊರಿಗೆ ಹೇಳಿದ್ದೂ ನಾನೇ. ಯಾರಾದ್ರೂ ಏನಾದ್ರೂ ಅಂದ್ಕೋತಾರೆ ಅಂತ ಯಾರ ಹತ್ರಾನೂ ಕರ್ಕೊಂಡು ಹೋಗ್ಲಿಲ್ಲ. ಒಂದು ದಿನ ಬೆಳಿಗ್ಗೆ ಎದ್ದು ಹೋದವರು ವಾಪಸ್ ಬರಲಿಲ್ಲ... ಕಾಲುವೆ ಹತ್ರ ಚಪ್ಪಲಿ ಸಿಕ್ತು. ಜ್ವರ ಬಂದು ಹೋದ್ರು ಅಂದೆ. ನೀನು ಆಗ ಎಂಟನೇ ಕ್ಲಾಸು. ಇವನಿಗೆ ನಾಲ್ಕು ವರ್ಷ." ಅತ್ತೆಯ ದನಿಯಲ್ಲಿ ಅಳುವಿರಲಿಲ್ಲ, ಮೂವತ್ತೈದು ವರ್ಷ ಒಣಗಿಸಿಟ್ಟ ದನಿ ಅದು. "ಇವಳ ಬಾಯಿ ನನಗೆ ಆಗಲ್ಲ. ಯಾವತ್ತೂ ಆಗಲ್ಲ. ಆದ್ರೆ ನಾಳೆ ಇವನು ಹೋಗ್ತಾನೆ. ನೀನು ದಾರಿಗೆ ಅಡ್ಡ ನಿಂತ್ರೆ, ನಾನು ಆ ಬೆಂಚಿನ ಮೇಲೆ ಕೂತು, ಎದುರಿಗೆ ಬಂದವರಿಗೆಲ್ಲ ಇಂಥವನ ತಾಯಿ ನಾನು ಅಂತ ನಿನ್ನ ಹೆಸರು ಹೇಳ್ತೀನಿ."

ಭಾವ ಕೈ ತೊಳೆಯಲು ಎದ್ದು ಹೋದರು. ನಲ್ಲಿ ಬಹಳ ಹೊತ್ತು ಹರಿಯಿತು. ಅವರ ಹೆಗಲು ಅಲುಗುತ್ತಿತ್ತೇನೋ, ಸೊಸೆ ನೋಡಲಿಲ್ಲ. ನೋಡಿ ಮರುಗುವಷ್ಟು ಅವಳ ಸಿಟ್ಟು ಇಳಿದಿರಲಿಲ್ಲ.

ಮಂಗಳವಾರ ಒಂಬತ್ತಕ್ಕೆ ಗಂಡನನ್ನು ಎಬ್ಬಿಸಿ ಕೂರಿಸಿದಳು. ಅಂಗಿಯ ಗುಂಡಿ ಹಾಕುವುದಕ್ಕೇ ಅವನಿಗೆ ಹತ್ತು ನಿಮಿಷ ಬೇಕಾಯಿತು. ಅವಳು ಸಹಾಯಕ್ಕೆ ಕೈ ಚಾಚಿ, ಹಿಂದಕ್ಕೆಳೆದುಕೊಂಡಳು.

"ಸಹಿ ಹಾಕಿದವನು ನಾನು," ಎಂದ ಅವನು, ಕೊನೆಯ ಗುಂಡಿಯ ಹತ್ತಿರ.

"ಗೊತ್ತು. ನೋಡಿದೆ."

"ಮೆಷಿನ್ ನಿಲ್ಲಿಸಬಹುದಿತ್ತು. ಸ್ವಿಚ್ಚು ನನ್ನ ಕೈಗೆ ಸಿಗೋ ಹಾಗೇ ಇತ್ತು..."

ನಿಮ್ಮದೇನೂ ತಪ್ಪಿಲ್ಲ ಎನ್ನಬಹುದಿತ್ತು ಅವಳು. ಹೇಳಿದರೆ ಅವನು ನಂಬುವವನಲ್ಲ. ಸುಳ್ಳನ್ನು ಹಿಡಿಯುವುದೇ ಅವನ ಕಸುಬು. "ಹೌದು, ನಿಲ್ಲಿಸಬೇಕಿತ್ತು. ನನಗೂ ಸಿಟ್ಟಿದೆ," ಎಂದಳು. "ಸಿಟ್ಟು ಮಾಡ್ಕೊಳ್ಳೋಕಾದ್ರೂ ನೀವು ಬೇಕಲ್ಲ ನನಗೆ. ಇದನ್ನೇ ಅಲ್ಲಿ ಹೇಳಿ. ನನಗೆ ಹೇಳಿದ್ರೆ ನಾನು ಜಗಳ ಆಡ್ತೀನಿ. ಅವರು ಕೇಳಿಸ್ಕೋತಾರೆ."

ಇಪ್ಪತ್ತೆರಡು ದಿನಗಳ ನಂತರ ಅವನು ಮೊದಲ ಸಲ ಅವಳ ಮುಖ ನೋಡಿದ.

ಗ್ರಂಥಾಲಯದ ಮಹಡಿಯ ಮೆಟ್ಟಿಲುಗಳು ನಿಜಕ್ಕೂ ಕಡಿದಾಗಿದ್ದವು. ಅರ್ಧ ಹತ್ತಿ ಅವನು ನಿಂತುಬಿಟ್ಟ. ಅವಳೂ ನಿಂತಳು. ಹಿಂದೆ ಅತ್ತೆಯೂ. ಯಾರೂ ಅವಸರ ಮಾಡಲಿಲ್ಲ. ಮೇಲೆ ಉದ್ದನೆಯ ಬೆಂಚಿನಲ್ಲಿ ಐದಾರು ಜನ, ಒಬ್ಬರನ್ನೊಬ್ಬರು ನೋಡದಂತೆ ಎಚ್ಚರವಹಿಸಿ ಕೂತಿದ್ದರು. ಮುಕ್ಕಾಲು ಗಂಟೆಯ ಮೇಲೆ ಒಳಗಿನಿಂದ ಬಂದ ನಡುವಯಸ್ಸಿನ ಹೆಂಗಸು ಅವನೆದುರು ನಿಂತು, "ಬನ್ನಿ. ಮಾತಾಡಲೇಬೇಕು ಅಂತೇನಿಲ್ಲ, ಮೊದಲು ಕೂತ್ಕೊಳ್ಳೋಣ," ಎಂದರು. ಅವನು ಹೆಂಡತಿಯ ಕಡೆ ನೋಡಿದ. ಅವಳು ಏಳಲಿಲ್ಲ. ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದು ಕೂತಳು... ಎದ್ದರೆ ತಾನೇ ಒಳಗೆ ಹೋಗಿ ಅವನ ಪರವಾಗಿ ಎಲ್ಲ ಹೇಳಿಬಿಡುತ್ತೇನೆಂದು ಅವಳಿಗೆ ಗೊತ್ತಿತ್ತು. ಅವನು ಒಬ್ಬನೇ ಒಳಗೆ ಹೋದ. ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ಅವನ ದನಿ ಕೇಳಿಸಿತು; ಮಾತು ಯಾವುದೆಂದು ತಿಳಿಯಲಿಲ್ಲ, ನಿಲ್ಲದೆ ಬರುತ್ತಿದೆ ಎಂಬುದಷ್ಟೇ ತಿಳಿಯಿತು.

ಅತ್ತೆ ಬೆಂಚಿನ ಇನ್ನೊಂದು ತುದಿಯಲ್ಲಿ, ನಡುವೆ ಇಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತಿದ್ದರು. ಇಲ್ಲೂ ಜಂಬ ಬಿಡಲಿಲ್ಲವಲ್ಲ ಎಂದುಕೊಂಡಳು ಸೊಸೆ. ಸರದಿಯ ಹಾಳೆ ಹಿಡಿದು ಸಿಬ್ಬಂದಿಯೊಬ್ಬಳು ಹಾದುಹೋದಾಗ, ಅತ್ತೆ ಅವಳ ಕಡೆ ನೋಡದೆ, ಎದುರಿನ ಗೋಡೆಯನ್ನು ಕೇಳುವವರಂತೆ ಕೇಳಿದರು.

"ಇಲ್ಲಿ... ವಯಸ್ಸಾದವರನ್ನೂ ನೋಡ್ತಾರಾ?"

"ನೋಡ್ತಾರಮ್ಮ. ಏನಾಗಿದೆ?"

"ಏನಿಲ್ಲ. ಹಳೇದು. ಮೂವತ್ತೈದು ವರ್ಷದ್ದು."

ಸೊಸೆಯ ಸಿಟ್ಟು ಇನ್ನೂ ಆರಿರಲಿಲ್ಲ. ಅಷ್ಟು ಬೇಗ ಆರುವಂಥದ್ದೂ ಅಲ್ಲ ಅದು. ಆದರೂ ಎದ್ದು ಹೋಗಿ ಆ ಹಾಳೆಯಲ್ಲಿ ಅತ್ತೆಯ ಹೆಸರನ್ನು ತಾನೇ ಬರೆದಳು. ವಾಪಸ್ ಬಂದು, ನಡುವೆ ಜಾಗ ಬಿಡದೆ ಕೂತಳು.